ವಿದೇಶದಲ್ಲಿ ಪೈಲಟ್ ತರಬೇತಿ: ಹೊಲ ಮಾರುವ ಮುನ್ನ ಪರವಾನಗಿಯ ಹೆಸರು ತಿಳಿಯೋಣ

ಹೊಸೂರಿನಿಂದ ತಳಿಯ ಕಡೆಗೆ ಹೋಗುವ ದಾರಿಯಲ್ಲಿ, ಬೆಳಗೊಂಡಪಳ್ಳಿಯ ಬಳಿ, ಸುಮಾರು ಎರಡು ಕಿಲೋಮೀಟರ್ ಉದ್ದದ ರನ್‌ವೇ ಇದೆ. ತನೇಜಾ ಏರೋಸ್ಪೇಸ್ ಸಂಸ್ಥೆಯ ಈ ನೆಲೆಯಲ್ಲಿ ಇಟಲಿಯ ಪಾರ್ಟೆನಾವಿಯಾ ಕಂಪನಿಯ ಸಹಯೋಗದಿಂದ ಪಿ-68 ಎಂಬ ಲಘು ವಿಮಾನಗಳು ತಯಾರಾದವು. ಬೆಂಗಳೂರಿನ ಎನ್‌ಎಎಲ್ ಪ್ರಯೋಗಾಲಯ ರೂಪಿಸಿದ ಹಂಸ-3 ಎಂಬ ಎರಡು ಆಸನಗಳ ತರಬೇತಿ ವಿಮಾನಗಳೂ ಇಲ್ಲಿಯೇ ರೂಪುಗೊಂಡವು. ದೇಶದ ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ವಿದ್ಯಾರ್ಥಿಗಳು ಹಾರಲು ಕಲಿತ ಯಂತ್ರಗಳು ನಮ್ಮ ರಾಗಿ ಹೊಲಗಳ ಪಕ್ಕದಲ್ಲಿಯೇ ಸಿದ್ಧವಾಗಿದ್ದವು ಎಂಬುದು ನಮ್ಮ ಅನೇಕ ಮಕ್ಕಳಿಗೆ ತಿಳಿದಿಲ್ಲ.

2024ರ ಜೂನ್ 27ರಂದು ತಮಿಳುನಾಡಿನ ಅಂದಿನ ಮುಖ್ಯಮಂತ್ರಿ ಎಂ. ಕೆ. ಸ್ಟಾಲಿನ್ ಅವರು ಹೊಸೂರಿನಲ್ಲಿ 2,000 ಎಕರೆ ವಿಸ್ತೀರ್ಣದ, ವರ್ಷಕ್ಕೆ 3 ಕೋಟಿ ಪ್ರಯಾಣಿಕರ ಸಾಮರ್ಥ್ಯದ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದ ಯೋಜನೆಯನ್ನು ವಿಧಾನಸಭೆಯಲ್ಲಿ ಪ್ರಕಟಿಸಿದರು. ಬೆಂಗಳೂರು ವಿಮಾನ ನಿಲ್ದಾಣದ ಒಪ್ಪಂದದಲ್ಲಿರುವ 150 ಕಿಲೋಮೀಟರ್ ಸುತ್ತಳತೆಯ ನಿರ್ಬಂಧ 2033ರವರೆಗೆ ಇರುವುದರಿಂದ ಆ ಯೋಜನೆಯ ದಾರಿ ಸರಳವಾಗಿಲ್ಲ. ಆದರೂ ಆ ಪ್ರಕಟಣೆಯ ಬಳಿಕ ನಮ್ಮ ಭಾಗದಲ್ಲಿ ವಿಮಾನದ ಮಾತು ಹೆಚ್ಚಿದೆ. ‘ಕೆಲವೇ ತಿಂಗಳಲ್ಲಿ ವಿದೇಶದಲ್ಲಿ ಪೈಲಟ್ ಲೈಸೆನ್ಸ್’ ಎನ್ನುವ ಜಾಹೀರಾತುಗಳು ಪೋಷಕರ ಮೊಬೈಲಿಗೆ ಬರುತ್ತಿವೆ. ಹೊಸೂರಿನ ಸುತ್ತ ಭೂಮಿಯ ಬೆಲೆ ಏರಿರುವ ಈ ಕಾಲದಲ್ಲಿ, ಒಂದೆರಡು ಎಕರೆ ಮಾರಿದರೆ ಮಗ ಅಥವಾ ಮಗಳು ಪೈಲಟ್ ಆಗಿಬಿಡಬಹುದೆಂಬ ಲೆಕ್ಕ ಹಲವು ಮನೆಗಳಲ್ಲಿ ನಡೆಯುವುದು ಸಹಜ. ಆ ಲೆಕ್ಕ ಹಾಕುವ ಮುನ್ನ ತಿಳಿಯಬೇಕಾದ ಸಂಗತಿಗಳನ್ನು ಇಲ್ಲಿ ವಿವರಿಸುತ್ತಿದ್ದೇವೆ.

ಒಂದು ಹೆಸರು, ಎರಡು ಪರವಾನಗಿ

‘ಪೈಲಟ್ ಲೈಸೆನ್ಸ್’ ಎಂಬ ಒಂದೇ ಮಾತಿನಡಿ ಎರಡು ಬೇರೆ ಬೇರೆ ಪರವಾನಗಿಗಳಿವೆ. ಮೊದಲನೆಯದು ಖಾಸಗಿ ಪೈಲಟ್ ಪರವಾನಗಿ, ಅಂದರೆ ಪಿಪಿಎಲ್. ಎರಡನೆಯದು ವಾಣಿಜ್ಯ ಪೈಲಟ್ ಪರವಾನಗಿ, ಅಂದರೆ ಸಿಪಿಎಲ್. ಪಿಪಿಎಲ್ ಹೊಂದಿದವರು ವಿಮಾನ ಹಾರಿಸಬಹುದು, ಬಂಧುಮಿತ್ರರನ್ನು ಕೂರಿಸಿಕೊಂಡು ಹೋಗಬಹುದು. ಆದರೆ ಹಾರಾಟಕ್ಕೆ ಸಂಬಳವನ್ನಾಗಲಿ ಬಾಡಿಗೆಯನ್ನಾಗಲಿ ಪಡೆಯುವಂತಿಲ್ಲ. ಸ್ವಂತ ಕಾರು ಓಡಿಸುವ ಪರವಾನಗಿಯಿಂದ ಬಾಡಿಗೆ ಬಸ್ಸು ಓಡಿಸಲು ಹೇಗೆ ಬರುವುದಿಲ್ಲವೋ ಇದೂ ಹಾಗೆಯೇ. ಇದು ಯಾವುದೋ ಒಂದು ದೇಶದ ಕಟ್ಟುಪಾಡಲ್ಲ. 1944ರ ಷಿಕಾಗೊ ಒಪ್ಪಂದದಿಂದ ಹುಟ್ಟಿದ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಘಟನೆ, ಅಂದರೆ ಐಸಿಎಒ, ಎಲ್ಲ ಸದಸ್ಯ ರಾಷ್ಟ್ರಗಳಿಗೂ ಹಾಕಿಕೊಟ್ಟ ಚೌಕಟ್ಟು.

ನಮ್ಮ ದೇಶದಲ್ಲಿ ಪರವಾನಗಿ ನೀಡುವುದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ. ಅದರ ನಿಯಮದಂತೆ ಪಿಪಿಎಲ್ ಪಡೆಯಲು 17 ವರ್ಷ ತುಂಬಿರಬೇಕು, ಹತ್ತನೆಯ ತರಗತಿ ಉತ್ತೀರ್ಣರಾಗಿರಬೇಕು, ಕನಿಷ್ಠ 40 ಗಂಟೆಗಳ ಹಾರಾಟ ನಡೆಸಿರಬೇಕು. ಸಿಪಿಎಲ್‌ಗೆ 18 ವರ್ಷ ತುಂಬಿರಬೇಕು, ಭೌತಶಾಸ್ತ್ರ ಮತ್ತು ಗಣಿತ ವಿಷಯಗಳೊಂದಿಗೆ ಹನ್ನೆರಡನೆಯ ತರಗತಿ ಉತ್ತೀರ್ಣರಾಗಿರಬೇಕು, 200 ಗಂಟೆಗಳ ಹಾರಾಟ ಬೇಕು. ಅದಾದ ಮೇಲೂ ವಿಮಾನ ಸಂಸ್ಥೆಯ ಕೆಲಸಕ್ಕೆ ಉಪಕರಣಗಳನ್ನಷ್ಟೇ ನೋಡಿ ಹಾರುವ ಅರ್ಹತೆ, ಬಹು ಎಂಜಿನ್ ವಿಮಾನದ ಅರ್ಹತೆ ಇರಬೇಕು. ಸಂಸ್ಥೆ ಬಳಸುವ ಏರ್‌ಬಸ್ ಅಥವಾ ಬೋಯಿಂಗ್ ಮಾದರಿಯ ಪ್ರತ್ಯೇಕ ತರಬೇತಿಯೂ ಆಗಬೇಕು. ಆದ್ದರಿಂದ ಪಿಪಿಎಲ್ ಎಂಬುದು ಉದ್ಯೋಗದ ಬಾಗಿಲಲ್ಲ, ಆ ಬಾಗಿಲಿನ ಕಡೆಗೆ ಹೋಗುವ ಮೆಟ್ಟಿಲುಗಳಲ್ಲಿ ಮೊದಲನೆಯದು. ಏಜೆಂಟರು ‘ಲೈಸೆನ್ಸ್ ಕೊಡಿಸುತ್ತೇವೆ’ ಎಂದಾಗ ‘ಯಾವ ಲೈಸೆನ್ಸ್?’ ಎಂದು ಕೇಳುವುದು ಪೋಷಕರ ಮೊದಲ ಕರ್ತವ್ಯ.

ವಿದೇಶಕ್ಕೆ ಏಕೆ ಹೋಗುತ್ತಾರೆ?

ಇದಕ್ಕೆ ಪ್ರತಿಷ್ಠೆಯೊಂದೇ ಕಾರಣವಲ್ಲ. ನಮ್ಮಲ್ಲಿ ಮಳೆಗಾಲದಲ್ಲಿ ಸಣ್ಣ ವಿಮಾನಗಳ ಹಾರಾಟ ಪದೇ ಪದೇ ನಿಲ್ಲುತ್ತದೆ. ದೊಡ್ಡ ನಗರಗಳ ಸುತ್ತಲಿನ ಆಕಾಶದಲ್ಲಿ ಪ್ರಯಾಣಿಕ ವಿಮಾನಗಳಿಗೆ ಆದ್ಯತೆ ಇರುವುದರಿಂದ ತರಬೇತಿ ವಿಮಾನಗಳು ಸರದಿ ಕಾಯಬೇಕು. ಸಣ್ಣ ವಿಮಾನಗಳಿಗೆ ಬೇಕಾದ ಏವ್‌ಗ್ಯಾಸ್ ಎಂಬ ವಿಶೇಷ ಪೆಟ್ರೋಲನ್ನು ಬಹುಕಾಲ ಹೊರದೇಶದಿಂದಲೇ ತರಿಸಿಕೊಳ್ಳಲಾಗುತ್ತಿತ್ತು. ಇಂಡಿಯನ್ ಆಯಿಲ್ ಸಂಸ್ಥೆ ಅದನ್ನು ಸ್ವದೇಶದಲ್ಲಿ ತಯಾರಿಸಿ ಬಿಡುಗಡೆ ಮಾಡಿದ್ದು 2022ರ ಸೆಪ್ಟೆಂಬರ್‌ನಲ್ಲಿ. ಅಮೆರಿಕದಲ್ಲಾದರೋ ಸಾರ್ವಜನಿಕ ಬಳಕೆಯ ವಿಮಾನ ನಿಲ್ದಾಣಗಳೇ ಸುಮಾರು 5,000 ಇವೆ. ಇಲ್ಲಿ ವರ್ಷ ಹಿಡಿಯಬಹುದಾದ ತರಬೇತಿ, ಹವಾಮಾನ ಅನುಕೂಲವಾಗಿರುವ ಕಡೆ ಕೆಲವು ತಿಂಗಳಲ್ಲಿ ಮುಗಿಯಬಹುದು. ಜಾಹೀರಾತಿನ ಈ ಭಾಗ ಸುಳ್ಳಲ್ಲ.

ದೇಶದಿಂದ ದೇಶಕ್ಕೆ ಕನಿಷ್ಠ ಗಂಟೆಗಳು ಬೇರೆಯಾಗುತ್ತವೆ. ಖಾಸಗಿ ಪರವಾನಗಿಗೆ ಅಮೆರಿಕದಲ್ಲಿ 40 ಗಂಟೆ, ಬ್ರಿಟನ್ ಮತ್ತು ಕೆನಡಾಗಳಲ್ಲಿ 45 ಗಂಟೆ, ನ್ಯೂಜಿಲೆಂಡಿನಲ್ಲಿ 50 ಗಂಟೆ ಬೇಕು. ಇವು ಕನಿಷ್ಠ ಮಿತಿಗಳು ಮಾತ್ರ. ಬಹುಪಾಲು ವಿದ್ಯಾರ್ಥಿಗಳು ಅಷ್ಟರಲ್ಲಿ ಪರೀಕ್ಷೆಗೆ ಸಿದ್ಧರಾಗುವುದಿಲ್ಲ. 60 ಗಂಟೆ ದಾಟುವುದು ಸಾಮಾನ್ಯ. ವಿಮಾನದ ಬಾಡಿಗೆ, ಬೋಧಕರ ಸಂಭಾವನೆ ಎರಡನ್ನೂ ಗಂಟೆಯ ಲೆಕ್ಕದಲ್ಲಿ ತೆರಬೇಕಾದ್ದರಿಂದ, 40 ಗಂಟೆಗೆ ಕೊಟ್ಟ ಅಂದಾಜನ್ನು ನಂಬಿ ಹೊರಟ ಕುಟುಂಬಕ್ಕೆ ನಡುವೆಯೇ ಹಣ ಸಾಲದೆ ಬರುತ್ತದೆ. ತರಬೇತಿ ನಡುವೆ ನಿಂತರೆ ಕಲಿತದ್ದು ಮರೆಯುತ್ತದೆ. ಮರೆತದ್ದನ್ನು ಮತ್ತೆ ಕಲಿಯಲು ಮತ್ತಷ್ಟು ಗಂಟೆಗಳ ಹಣ ಬೇಕು.

ತರಬೇತಿ ನಡೆಯುವ ಬಗೆ

ಅಮೆರಿಕವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ವಿದೇಶಿ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಲು ಸರ್ಕಾರದ ಅನುಮತಿ ಪಡೆದ ಶಾಲೆಯು ಮೊದಲು ಐ-20 ಎಂಬ ಪ್ರವೇಶಪತ್ರವನ್ನು ಕೊಡುತ್ತದೆ. ಅದನ್ನು ಹಿಡಿದು ವೃತ್ತಿ ತರಬೇತಿಗಾಗಿರುವ ಎಂ-1 ವೀಸಾಕ್ಕೆ ಅರ್ಜಿ ಹಾಕಬೇಕು. ನಮ್ಮ ಜಿಲ್ಲೆಯವರು ಸಂದರ್ಶನಕ್ಕೆ ಸಾಮಾನ್ಯವಾಗಿ ಚೆನ್ನೈಗೆ ಹೋಗುತ್ತಾರೆ. ಎಂ-1 ವೀಸಾದಲ್ಲಿ ಓದುವವರು ಓದಿನ ಅವಧಿಯಲ್ಲಿ ಅಲ್ಲಿ ಕೆಲಸ ಮಾಡಿ ಸಂಪಾದಿಸುವಂತಿಲ್ಲ. ‘ಅರ್ಧ ಹಣ ಈಗ ಕೊಡಿ, ಉಳಿದದ್ದನ್ನು ಹುಡುಗ ಅಲ್ಲಿ ದುಡಿದು ಕಟ್ಟುತ್ತಾನೆ’ ಎಂದು ಯಾರಾದರೂ ಹೇಳಿದರೆ ಆ ಮಾತನ್ನು ಅಲ್ಲಿಯೇ ನಿಲ್ಲಿಸಬೇಕು. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ವಿದೇಶಿ ವಿದ್ಯಾರ್ಥಿಗಳ ಹಿನ್ನೆಲೆಯನ್ನು ಅಲ್ಲಿನ ಸಾರಿಗೆ ಭದ್ರತಾ ಇಲಾಖೆ ಪರಿಶೀಲಿಸುತ್ತದೆ. ಬೆರಳಚ್ಚು ಕೊಟ್ಟು ಆ ಒಪ್ಪಿಗೆ ದೊರೆತ ಮೇಲೆಯೇ ಹಾರಾಟದ ಪಾಠ ಆರಂಭವಾಗುತ್ತದೆ.

ಪಾಠದಲ್ಲಿ ಎರಡು ಭಾಗ. ನೆಲದ ಮೇಲಿನ ತರಗತಿಗಳಲ್ಲಿ ವಾಯು ನಿಯಮಗಳು, ಹವಾಮಾನ, ದಿಕ್ಕು-ದೂರಗಳ ಲೆಕ್ಕ, ವಿಮಾನದ ರಚನೆಗಳನ್ನು ಕಲಿಸುತ್ತಾರೆ. ಇದರ ಲಿಖಿತ ಪರೀಕ್ಷೆಯಲ್ಲಿ 60 ಪ್ರಶ್ನೆಗಳಿದ್ದು, ಉತ್ತೀರ್ಣರಾಗಲು ಶೇ 70 ಅಂಕ ಬೇಕು. ಬ್ರಿಟನ್ನಿನಲ್ಲಿ ಒಂಬತ್ತು ವಿಷಯಗಳಲ್ಲಿ ಬೇರೆ ಬೇರೆ ಪರೀಕ್ಷೆ, ಪ್ರತಿಯೊಂದರಲ್ಲೂ ಶೇ 75 ಬೇಕು. ಆಕಾಶದ ಪಾಠದಲ್ಲಿ ಮೊದಲು ಬೋಧಕರು ಪಕ್ಕದಲ್ಲಿ ಕುಳಿತು ಕಲಿಸುತ್ತಾರೆ. ವಿದ್ಯಾರ್ಥಿ ಸಿದ್ಧನಾದನೆಂದು ಅವರಿಗೆ ಖಚಿತವಾದ ದಿನ ಅವರು ಕೆಳಗಿಳಿದು, ಅವನೊಬ್ಬನನ್ನೇ ಹಾರಲು ಬಿಡುತ್ತಾರೆ. ಮುಂದೆ ಒಂಟಿಯಾಗಿ ದೂರದ ಹಾರಾಟ ನಡೆಸಬೇಕು. ಅದರಲ್ಲಿ ಒಂದು ಹಾರಾಟ ಕನಿಷ್ಠ 150 ನಾಟಿಕಲ್ ಮೈಲಿ, ಅಂದರೆ ಸುಮಾರು 278 ಕಿಲೋಮೀಟರ್ ಇರಬೇಕು, ಮೂರು ಕಡೆ ಇಳಿದಿರಬೇಕು. ಹೊಸೂರಿನಿಂದ ಕೃಷ್ಣಗಿರಿಗೆ ಇರುವ ದೂರದ ಐದು ಪಟ್ಟಿಗೂ ಹೆಚ್ಚು ದೂರವನ್ನು, ನಕ್ಷೆ ಮತ್ತು ಗಾಳಿಯ ಲೆಕ್ಕವನ್ನು ನೆಚ್ಚಿ, ಹದಿನೇಳು ಹದಿನೆಂಟರ ಹುಡುಗಿಯೊಬ್ಬಳು ಒಬ್ಬಳೇ ಕ್ರಮಿಸಬೇಕೆಂದರೆ ಅದು ಸಣ್ಣ ಜವಾಬ್ದಾರಿಯಲ್ಲ. ಕೊನೆಯಲ್ಲಿ ಪರೀಕ್ಷಕರು ಮೊದಲು ಬಾಯಿಮಾತಿನಲ್ಲಿ, ಆಮೇಲೆ ವಿಮಾನದಲ್ಲಿ ಪರೀಕ್ಷಿಸುತ್ತಾರೆ.

ಮರಳಿ ಬಂದ ಮೇಲೆ

ಹೆಚ್ಚಿನ ನಿರಾಶೆ ಎದುರಾಗುವುದು ಈ ಹಂತದಲ್ಲಿ. ಅಮೆರಿಕದ ಪರವಾನಗಿ ಅಲ್ಲಿ ನೋಂದಾಯಿತ ವಿಮಾನಗಳಿಗೆ ಸಲ್ಲುತ್ತದೆ. ಭಾರತದಲ್ಲಿ ನೋಂದಾಯಿತವಾದ, ‘ವಿಟಿ’ ಅಕ್ಷರಗಳಿಂದ ಹೆಸರು ಆರಂಭವಾಗುವ ವಿಮಾನವನ್ನು ಹಾರಿಸಲು ಡಿಜಿಸಿಎ ಒಪ್ಪಿಗೆ ಬೇಕು. ಅದಕ್ಕಾಗಿ ನಮ್ಮ ದೇಶದ ವಾಯು ನಿಯಮಗಳ ಪರೀಕ್ಷೆ ಮುಂತಾದವುಗಳನ್ನು ಶೇ 70 ಅಂಕಗಳೊಂದಿಗೆ ಮುಗಿಸಬೇಕು. ಭಾರತದ ವೈದ್ಯಕೀಯ ಅರ್ಹತೆ ಪಡೆಯಬೇಕು. ಪರವಾನಗಿ ನೀಡಿದ ದೇಶದಿಂದ ದೃಢೀಕರಣ ತರಿಸಬೇಕು. ರೇಡಿಯೊ ಬಳಕೆಯ ಆರ್‌ಟಿಆರ್ ಪ್ರಮಾಣಪತ್ರಕ್ಕೂ ಪ್ರತ್ಯೇಕ ಪರೀಕ್ಷೆಯಿದೆ. ಹಿಂದೆ ದೂರಸಂಪರ್ಕ ಇಲಾಖೆ ನಡೆಸುತ್ತಿದ್ದ ಅದು, 2025ರ ಜನವರಿ 1ರಿಂದ ಜಾರಿಗೆ ಬಂದ ಭಾರತೀಯ ವಾಯುಯಾನ ಅಧಿನಿಯಮದಿಂದ ಡಿಜಿಸಿಎ ವ್ಯಾಪ್ತಿಗೆ ಬಂದಿದೆ.

ಇವೆಲ್ಲ ಮುಗಿದರೂ ಒಂದು ಪ್ರಶ್ನೆ ಉಳಿಯುತ್ತದೆ: ಹಾರಿಸಲು ವಿಮಾನ ಎಲ್ಲಿದೆ? ನಮ್ಮಲ್ಲಿ ಬಾಡಿಗೆಗೆ ಸಣ್ಣ ವಿಮಾನ ಸಿಗುವ ಕಡೆಗಳು ಕಡಿಮೆ, ಬಾಡಿಗೆ ಹೆಚ್ಚು. ಪರವಾನಗಿಯಾದರೋ ಬಳಸದೆ ಪೆಟ್ಟಿಗೆಯಲ್ಲಿಟ್ಟರೆ ಉಳಿಯುವಂಥದ್ದಲ್ಲ. ಅಮೆರಿಕದ ನಿಯಮದಂತೆ 24 ತಿಂಗಳಿಗೊಮ್ಮೆ ಬೋಧಕರೆದುರು ಮರುಪರಿಶೀಲನೆ ಆಗಬೇಕು. ಪ್ರಯಾಣಿಕರನ್ನು ಕೂರಿಸಿಕೊಳ್ಳಬೇಕಾದರೆ ಹಿಂದಿನ 90 ದಿನಗಳಲ್ಲಿ ಮೂರು ಸಲ ಏರಿ ಇಳಿದಿರಬೇಕು.

ಹಾಗಾದರೆ ವಿದೇಶದ ಪಿಪಿಎಲ್ ವ್ಯರ್ಥವೇ? ಅಲ್ಲ. ಸಿಪಿಎಲ್ ವರೆಗೂ ಹೋಗುವ ಸ್ಪಷ್ಟ ಯೋಜನೆ, ಅದಕ್ಕೆ ಬೇಕಾದ ಹಣ ಎರಡೂ ಇರುವವರಿಗೆ ಅಲ್ಲಿ ಹಾರಿದ ಗಂಟೆಗಳು, ಸರಿಯಾಗಿ ಬರೆದು ಸಹಿ ಮಾಡಿಸಿದ ಲಾಗ್‌ಬುಕ್ ಇದ್ದರೆ, 200 ಗಂಟೆಗಳ ಲೆಕ್ಕಕ್ಕೆ ಸೇರುತ್ತವೆ. ಉದ್ಯೋಗ ಬೇರೆಯಿದ್ದು, ಹವ್ಯಾಸಕ್ಕಾಗಿ ಹಾರುವವರಿಗೂ ಅದು ಸಾರ್ಥಕ. ಇದ್ದ ಭೂಮಿಯನ್ನೆಲ್ಲ ಮಾರಿ ಪಿಪಿಎಲ್ ಒಂದನ್ನೇ ಹಿಡಿದು ಬಂದು, ಇನ್ನು ಕೆಲಸ ಸಿಗುತ್ತದೆಂದು ಕಾಯುವ ಮನೆಗೆ ಮಾತ್ರ ಅದು ಹೊರೆಯಾಗುತ್ತದೆ.

ಕನ್ನಡ ಮಾಧ್ಯಮ ಅಡ್ಡಿಯೇ?

ನಮ್ಮ ಓದುಗರ ಮನೆಗಳಲ್ಲಿ ಎಲ್ಲಕ್ಕಿಂತ ಮೊದಲು ಏಳುವ ಪ್ರಶ್ನೆ ಇದು. ಡಿಜಿಸಿಎ ನಿಯಮಗಳು ಹತ್ತನೆಯ ಮತ್ತು ಹನ್ನೆರಡನೆಯ ತರಗತಿಯ ಉತ್ತೀರ್ಣತೆಯನ್ನು ಕೇಳುತ್ತವೆಯೇ ಹೊರತು ಯಾವ ಮಾಧ್ಯಮದಲ್ಲಿ ಓದಿದಿರಿ ಎಂದು ಕೇಳುವುದಿಲ್ಲ. ಕನ್ನಡದಲ್ಲಿ ಕಲಿತ ತ್ರಿಕೋನಮಿತಿಯಿಂದಲೇ ಅಡ್ಡಗಾಳಿ ವಿಮಾನವನ್ನು ಎಷ್ಟು ಪಕ್ಕಕ್ಕೆ ಸರಿಸುತ್ತದೆಂದು ಲೆಕ್ಕ ಹಾಕಬಹುದು. ಹೊಸೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಎತ್ತರ ಹೆಚ್ಚಿದಂತೆ ಗಾಳಿ ತೆಳುವಾಗುತ್ತದೆ, ಬಿಸಿಲಿಗೆ ಮತ್ತಷ್ಟು ತೆಳುವಾಗುತ್ತದೆ. ಆದ್ದರಿಂದ ಅದೇ ವಿಮಾನ ಚೆನ್ನೈಗಿಂತ ಇಲ್ಲಿ ಹೆಚ್ಚು ದೂರ ಓಡಿ ಮೇಲೇರಬೇಕಾಗುತ್ತದೆ. ಇದನ್ನು ಕನ್ನಡದಲ್ಲಿ ಅರಿತ ಮಗುವಿಗೆ ಇಂಗ್ಲಿಷಿನ ಪಾರಿಭಾಷಿಕ ಪದ ಕಲಿಯುವುದು ಕೆಲವು ದಿನಗಳ ಕೆಲಸ. ಅರಿಯದೆ ಪದವನ್ನಷ್ಟೇ ಬಾಯಿಪಾಠ ಮಾಡಿದ ಮಗುವಿನ ಕಷ್ಟ ಅದಕ್ಕಿಂತ ದೊಡ್ಡದು.

ಆದರೆ ಇಂಗ್ಲಿಷ್ ಬೇಡವೆಂದು ನಾವು ಹೇಳುತ್ತಿಲ್ಲ. ಲಿಖಿತ ಪರೀಕ್ಷೆಗಳಿಗೂ ರೇಡಿಯೊ ಮಾತಿಗೂ ಅದು ಬೇಕೇ ಬೇಕು, ಮತ್ತು ಅದರ ಕಾರಣ ಪ್ರಾಣರಕ್ಷಣೆ. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಸೌದಿಯ ಮತ್ತು ಕಜಾಕಿಸ್ತಾನದ ಎರಡು ವಿಮಾನಗಳು ಡಿಕ್ಕಿಯಾಗಿ 349 ಜನ ಮಡಿದರು. 15,000 ಅಡಿಯಲ್ಲಿ ಉಳಿಯಬೇಕಿದ್ದ ಕಜಾಕಿಸ್ತಾನದ ವಿಮಾನ ಕೆಳಗಿಳಿದಿತ್ತು. ಅದರ ಸಿಬ್ಬಂದಿಗೆ ಇಂಗ್ಲಿಷ್ ಸಾಲದಿದ್ದುದನ್ನು ವಿಚಾರಣೆ ಎತ್ತಿಹಿಡಿಯಿತು. ಇಂಥ ಅಪಘಾತಗಳ ಪಾಠದಿಂದ ಐಸಿಎಒ ಭಾಷಾ ಸಾಮರ್ಥ್ಯದ ಆರು ಹಂತಗಳನ್ನು ಗೊತ್ತುಮಾಡಿತು. 2008ರ ಮಾರ್ಚ್‌ನಿಂದ ಅಂತರರಾಷ್ಟ್ರೀಯ ಹಾರಾಟಕ್ಕೆ ಕನಿಷ್ಠ ನಾಲ್ಕನೆಯ ಹಂತ ಬೇಕಾಯಿತು. ಆ ಹಂತದ ಪರೀಕ್ಷೆ ಕೇಳುವ ಮತ್ತು ಆಡುವ ಸಾಮರ್ಥ್ಯದ್ದು. ಉಚ್ಚಾರಣೆಯಲ್ಲಿ ಮಾತೃಭಾಷೆಯ ಛಾಯೆ ಇದ್ದರೆ ದೋಷವಲ್ಲ. ಅರ್ಥಕ್ಕೆ ಭಂಗ ಬರಬಾರದು ಅಷ್ಟೆ.

ರೇಡಿಯೊ ಭಾಷೆಯೂ ಅಳೆದು ತೂಗಿದ ಕಿರುಭಾಷೆ. ವಿ ಅಕ್ಷರಕ್ಕೆ ‘ವಿಕ್ಟರ್’, ಟಿ ಅಕ್ಷರಕ್ಕೆ ‘ಟ್ಯಾಂಗೊ’ ಎನ್ನಬೇಕು. ಒಂಬತ್ತನ್ನು ‘ನೈನರ್’ ಎಂದೂ, ಐದನ್ನು ‘ಫೈಫ್’ ಎಂದೂ ನುಡಿಯುತ್ತಾರೆ. ಗದ್ದಲದ ನಡುವೆ ಎರಡೂ ಒಂದರಂತೆ ಇನ್ನೊಂದು ಕೇಳಿಸಬಾರದೆಂಬುದು ಉದ್ದೇಶ. ನಿಯಂತ್ರಕರು ಹೇಳಿದ ಎತ್ತರ, ದಿಕ್ಕು, ರನ್‌ವೇಯನ್ನು ಪೈಲಟ್ ಮರುನುಡಿಯಬೇಕು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ 2006ರ ಕಾಯ್ದೆಯಿಂದ ಬಂದ ತಮಿಳು, ಸಂತೆಯಲ್ಲಿ ತೆಲುಗು ಕೇಳಿ ಬೆಳೆದ ನಮ್ಮ ಮಕ್ಕಳ ಕಿವಿಗೆ ಇನ್ನೊಂದು ಭಾಷೆಯನ್ನು ಹಿಡಿಯುವ ಶಕ್ತಿ ಇದೆ. ಎಂಟನೆಯ ತರಗತಿಯಿಂದ ದಿನಕ್ಕೆ ಅರ್ಧ ಗಂಟೆ ಇಂಗ್ಲಿಷ್ ಕೇಳಿ ಮಾತನಾಡುವ ರೂಢಿ ಹಾಕಿದರೆ ಸಾಕು. ಅದಕ್ಕಾಗಿ ಕನ್ನಡ ಶಾಲೆ ಬಿಡಿಸಬೇಕಾಗಿಲ್ಲ.

ನಿಜವಾದ ಅಡ್ಡಿ ಪ್ಲಸ್ ಒನ್ ಸೇರುವಾಗ ಎದುರಾಗುತ್ತದೆ. ಭೌತಶಾಸ್ತ್ರ ಮತ್ತು ಗಣಿತವಿಲ್ಲದ ಗುಂಪನ್ನು ಆರಿಸಿಕೊಂಡರೆ ಸಿಪಿಎಲ್ ದಾರಿ ಅಲ್ಲಿಗೆ ಕಟ್ಟಾಗುತ್ತದೆ. ಆಮೇಲೆ ಎನ್‌ಐಒಎಸ್ ಮುಕ್ತ ಶಾಲೆಯ ಮೂಲಕ ಆ ಎರಡು ವಿಷಯಗಳನ್ನು ಬರೆಯಬೇಕಾಗುತ್ತದೆ. ಈ ನಿಯಮವನ್ನು ಸಡಿಲಿಸುವ ಮಾತು 2025ರಲ್ಲಿ ಕೇಳಿಬಂದಿತು. ಆದರೆ ಅಧಿಕೃತ ಆದೇಶವನ್ನು ಓದದೆ ಮಕ್ಕಳ ಗುಂಪನ್ನು ನಿರ್ಧರಿಸಬಾರದು.

ಹಣ ಕಟ್ಟುವ ಮುನ್ನ

ಮೊದಲನೆಯದು ವೈದ್ಯಕೀಯ ಪರೀಕ್ಷೆ. ಅಮೆರಿಕದ ಪಿಪಿಎಲ್‌ಗೆ ಅಲ್ಲಿನ ಮೂರನೆಯ ವರ್ಗದ ಅರ್ಹತೆ ಸಾಕು. ಭಾರತದ ಸಿಪಿಎಲ್‌ಗೆ ಮೊದಲ ವರ್ಗದ ಅರ್ಹತೆ ಬೇಕು, ಅದು ಬಹಳ ಕಟ್ಟುನಿಟ್ಟು. ವಿದೇಶದಲ್ಲಿ ಹಣ ಸುರಿದು ಬಂದ ಮೇಲೆ ಇಲ್ಲಿ ಅನರ್ಹರೆಂದು ತಿಳಿಯುವುದಕ್ಕಿಂತ, ಹೊರಡುವ ಮುನ್ನವೇ ಡಿಜಿಸಿಎ ಮಾನ್ಯ ವೈದ್ಯರಲ್ಲಿ ಎರಡನೆಯ ವರ್ಗದ ಪರೀಕ್ಷೆಯನ್ನೂ, ಬಳಿಕ ಮೊದಲ ವರ್ಗದ್ದನ್ನೂ ಮುಗಿಸುವುದು ಜಾಣತನ. ಬೆಂಗಳೂರಿನ ವಿಮಾನಪುರದಲ್ಲಿರುವ ವಾಯುಪಡೆಯ ವೈಮಾನಿಕ ವೈದ್ಯಕೀಯ ಸಂಸ್ಥೆ ಇಂಥ ಪರೀಕ್ಷೆ ನಡೆಸುವ ಕೇಂದ್ರಗಳಲ್ಲಿ ಒಂದು. ಕನ್ನಡಕ ಹಾಕಿದವರು ಪೈಲಟ್ ಆಗಲಾರರೆಂಬುದು ತಪ್ಪು ನಂಬಿಕೆ. ಕನ್ನಡಕದಿಂದ ದೃಷ್ಟಿ ಸರಿಹೋದರೆ ಅವಕಾಶವಿದೆ. ಬಣ್ಣಗಳನ್ನು ಗುರುತಿಸುವ ಶಕ್ತಿಯನ್ನು ಮಾತ್ರ ಮೊದಲೇ ಪರೀಕ್ಷಿಸಿಕೊಳ್ಳಬೇಕು.

ಎರಡನೆಯದು ಹೆಸರು. ನಮ್ಮಲ್ಲಿ ತಂದೆಯ ಹೆಸರಿನ ಮೊದಲಕ್ಷರವನ್ನು ಇನಿಷಿಯಲ್ ಆಗಿ ಬರೆಯುವ ರೂಢಿ. ಅಂಕಪಟ್ಟಿಯಲ್ಲಿ ಒಂದು ಬಗೆ, ಆಧಾರ್‌ನಲ್ಲಿ ಇನ್ನೊಂದು ಬಗೆ ಇದ್ದರೆ ಪ್ರತಿ ಹಂತದಲ್ಲೂ ತೊಡಕು. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ಅಮೆರಿಕದ ವೀಸಾದಲ್ಲಿ ಇನ್ನೊಂದರ ಜಾಗಕ್ಕೆ ‘ಎಫ್‌ಎನ್‌ಯು’ ಎಂದು ಬರುತ್ತದೆ. ಹೆಸರು ಗೊತ್ತಿಲ್ಲ ಎಂಬುದು ಅದರ ಅರ್ಥ. ಪಾಸ್‌ಪೋರ್ಟ್ ಅರ್ಜಿ ತುಂಬುವಾಗಲೇ ಇನಿಷಿಯಲ್ ಬಿಡಿಸಿ ಪೂರ್ಣ ಹೆಸರು ಬರೆಸಿದರೆ ಈ ತೊಂದರೆ ತಪ್ಪುತ್ತದೆ.

ಮೂರನೆಯದು ಲಿಖಿತ ಅಂದಾಜು. 40 ಗಂಟೆಗಲ್ಲ, 60 ಗಂಟೆಗೆ ಎಷ್ಟಾಗುತ್ತದೆಂದು ಬರೆಸಿಕೊಳ್ಳಿ. ಬಾಡಿಗೆಯಲ್ಲಿ ಇಂಧನ ಸೇರಿದೆಯೇ, ಪರೀಕ್ಷಕರ ಶುಲ್ಕ, ವಿಮೆ, ವಸತಿ, ಊಟ ಸೇರಿವೆಯೇ ಎಂದು ಕೇಳಿ. ಹಣವನ್ನು ಒಟ್ಟಿಗೆ ಕಟ್ಟದೆ, ತರಬೇತಿ ಮುಂದುವರಿದಂತೆ ಕಂತುಗಳಲ್ಲಿ ಕಟ್ಟುವ ಶಾಲೆಯನ್ನು ಆರಿಸಿ. ಶಾಲೆ ಮುಚ್ಚಿದರೆ ಹಣ ಮರಳುವ ಷರತ್ತು ಕಾಗದದಲ್ಲಿರಲಿ. ಶಾಲೆಗೆ ಸರ್ಕಾರದ ಮಾನ್ಯತೆ ಇದೆಯೇ ಎಂಬುದನ್ನು ಏಜೆಂಟರ ಮಾತಿನಿಂದಲ್ಲ, ಆ ದೇಶದ ಸರ್ಕಾರಿ ಜಾಲತಾಣದಿಂದ ತಿಳಿಯಬೇಕು.

ನಾಲ್ಕನೆಯದು, ಹತ್ತಿರದ ದಾರಿಗಳನ್ನೂ ನೋಡುವುದು. ಮೈಸೂರು ಮಹಾರಾಜರ ಕಾಲದಲ್ಲಿ ಆರಂಭವಾದ ಜಕ್ಕೂರಿನ ಸರ್ಕಾರಿ ವಿಮಾನ ತರಬೇತಿ ಶಾಲೆ ಹೊಸೂರಿನಿಂದ ಎರಡು ಗಂಟೆಯೊಳಗಿನ ದಾರಿ. ಸ್ವತಂತ್ರ ಭಾರತದ ಮೊದಲ ಮಹಿಳಾ ಪೈಲಟ್ ಎಂದು ಹೆಸರಾದ ಉಷಾ ಸುಂದರಂ ಅವರು ಕಲಿತದ್ದು ಅಲ್ಲಿಯೇ. ಉತ್ತರ ಪ್ರದೇಶದ ಫುರ್ಸತ್‌ಗಂಜ್‌ನಲ್ಲಿ ಕೇಂದ್ರ ಸರ್ಕಾರದ ಇಂದಿರಾ ಗಾಂಧಿ ರಾಷ್ಟ್ರೀಯ ಉಡಾನ್ ಅಕಾಡೆಮಿ ಇದೆ. ಪ್ರವೇಶ ಪರೀಕ್ಷೆಯ ಮೂಲಕ ಸೇರಬೇಕು. ಹಣವೇ ಇಲ್ಲದ ಮನೆಯ ಮಕ್ಕಳಿಗೆ ಎನ್‌ಡಿಎ ಪರೀಕ್ಷೆಯ ಮೂಲಕ ವಾಯುಪಡೆ ಸೇರುವ ದಾರಿ ಇದೆ; ಅಲ್ಲಿ ತರಬೇತಿಯ ವೆಚ್ಚ ಸರ್ಕಾರದ್ದು. ಅದಕ್ಕೂ ಪ್ಲಸ್ ಟುನಲ್ಲಿ ಭೌತಶಾಸ್ತ್ರ, ಗಣಿತ ಬೇಕು.

ಮಕ್ಕಳ ಆಸೆಗೆ ತಣ್ಣೀರೆರಚುವುದು ನಮ್ಮ ಉದ್ದೇಶವಲ್ಲ. ತಳಿ, ಡೆಂಕಣಿಕೋಟೆ, ಬಾಗಲೂರು, ಶೂಲಗಿರಿಗಳ ಕನ್ನಡ ಶಾಲೆಗಳಲ್ಲಿ ಓದುವ ಮಗು ವಿಮಾನ ಹಾರಿಸಲು ಯಾವ ನಿಯಮವೂ ಅಡ್ಡಬರುವುದಿಲ್ಲ. ಈ ವರ್ಷ ಹತ್ತನೆಯ ತರಗತಿ ಮುಗಿಸುವ ಮಗುವಿಗೆ ಅಂಥ ಆಸೆ ಇದ್ದರೆ, ಮೊದಲು ಪ್ಲಸ್ ಒನ್ನಲ್ಲಿ ಸರಿಯಾದ ಗುಂಪಿಗೆ ಸೇರಿಸಿ, ಆಮೇಲೆ ವೈದ್ಯಕೀಯ ಪರೀಕ್ಷೆ ಮಾಡಿಸಿ. ಈ ಎರಡಕ್ಕೂ ಹೊಲ ಮಾರಬೇಕಾಗಿಲ್ಲ. ಇವೆರಡೂ ಅನುಕೂಲವಾಗಿ ಮುಗಿದ ಮೇಲೆ ವಿದೇಶವೋ ಜಕ್ಕೂರೋ ಎಂಬ ಮಾತನ್ನು ಮನೆಮಂದಿಯೆಲ್ಲ ಕುಳಿತು ಆಡಬಹುದು.